ಬಾಟಲಿ ತೆಗೆಯೋ ಮೊದಲು ಎಲೆ ತಿರುಗಿಸಿ ನೋಡಿ

ಬಹಳ ದಿನ ಆಯ್ತು ಈ ಕಡೆ ತಲೆ ಹಾಕಿ. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ. ಒಂದು ವಿಷಯ ಏಪ್ರಿಲ್‌ನಿಂದ ಗಂಟಲಲ್ಲಿ ಸಿಕ್ಕಿಕೊಂಡಿತ್ತು, ಅದನ್ನ ಬರೆಯದೆ ಬೇರೆ ಏನು ಬರೆಯೋಕೂ ಮನಸ್ಸಾಗಲಿಲ್ಲ. ಇವತ್ತು ಬರೆದುಬಿಡ್ತೀನಿ.

ವಿಷಯ ಕೇಳಿದ್ರೆ ನಗ್ತೀರಿ. ಮನೆಯೊಳಗಿನ ಕುಂಡದ ಗಿಡಕ್ಕೆ ಬರೋ ನುಸಿ. ಅದೇ, ಇಂಗ್ಲಿಷ್‌ನಲ್ಲಿ ಸ್ಪೈಡರ್ ಮೈಟ್ ಅಂತಾರಲ್ಲ, ಅದು. ಇದಕ್ಕೆ ಎರಡು ಸಾವಿರ ಪದ ಬೇಕಾ ಅಂತ ನೀವು ಕೇಳಬಹುದು. ಪೂರ್ತಿ ಓದಿ, ಆಮೇಲೆ ಹೇಳಿ.

ನಮ್ಮೂರು ದೇವನಹಳ್ಳಿ ತಾಲ್ಲೂಕು. ನಾನು ವಾರಕ್ಕೆ ಎರಡು ದಿನ ಆಫೀಸಿಗೆ ಹೋಗಿ, ಉಳಿದ ದಿನ ಮನೆಯಿಂದಲೇ ಕೆಲಸ ಮಾಡ್ತೀನಿ. ಮನೆಯ ಹಿಂದುಗಡೆ ಹುಳದ ಮನೆ. ಅಪ್ಪ ಅಮ್ಮ ನಾನು ಹುಟ್ಟೋಕೆ ಮೊದಲಿಂದ ರೇಷ್ಮೆ ಹುಳ ಮೇಯಿಸ್ತಿದ್ದಾರೆ. ನನ್ನ ಇಂಜಿನಿಯರಿಂಗ್ ಫೀಸು ಬಂದಿದ್ದು ವಿಜಯಪುರದ ಗೂಡು ಮಾರುಕಟ್ಟೆಯಿಂದ, ಬ್ಯಾಂಕ್ ಲೋನ್‌ನಿಂದಲ್ಲ. ಮುಂದಿನ ಕೋಣೆ ನನ್ನದು. ಎರಡು ಮಾನಿಟರ್, ಒಂದು ಎ.ಸಿ., ಮತ್ತೆ ಹೋದ ವರ್ಷದಿಂದ ನಾಲ್ಕು ಗಿಡ: ಅರೇಕಾ ಪಾಮ್, ಮನಿ ಪ್ಲಾಂಟ್, ಕ್ಯಾಲಥಿಯಾ, ಒಂದು ಐವಿ ಬಳ್ಳಿ. ವಿಡಿಯೋ ಕಾಲ್‌ನಲ್ಲಿ ಹಿಂದೆ ಹಸಿರು ಕಾಣಲಿ ಅಂತ. ಎರಡು ಎಕರೆ ಹಿಪ್ಪುನೇರಳೆ ಇಟ್ಕೊಂಡು ಒಳಗೆ ದುಡ್ಡು ಕೊಟ್ಟು ಗಿಡ ತಂದಿದ್ದಕ್ಕೆ ಅಪ್ಪ ಇವತ್ತಿಗೂ ಆಡ್ಕೋತಾರೆ :)

ಮಾರ್ಚ್ ಕೊನೆಯಲ್ಲಿ ಪಾಮ್ ಎಲೆ ಮಂಕಾಯ್ತು. ಹಸಿರಿನ ಮೇಲೆ ಯಾರೋ ಸೂಜಿಯಲ್ಲಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಬಿಳಿ ಚುಕ್ಕೆ. ನೀರು ಸಾಲಲಿಲ್ಲ ಅಂದುಕೊಂಡು ನೀರು ಹಾಕಿದೆ. ಗೊಬ್ಬರ ಸಾಲಲಿಲ್ಲ ಅಂದುಕೊಂಡು ಗೊಬ್ಬರ ಹಾಕಿದೆ. ಕ್ಯಾಲಥಿಯಾ ಅಂಚು ಸುಟ್ಟ ಹಾಗಾಯ್ತು. ಐವಿ ಎಲೆಗಳ ಸಂದಿಯಲ್ಲಿ ಸಣ್ಣ ಬಲೆ ಕಾಣಿಸ್ತು. ಜೇಡ ಅಂದುಕೊಂಡು ಗುಡಿಸಿದೆ. ಎರಡು ದಿನಕ್ಕೆ ಮತ್ತೆ ಬಲೆ. ಆಗ ನನ್ನ ತಲೆಗೆ ಬಂದ ಒಂದೇ ವಾಕ್ಯ: "ಗಿಡಕ್ಕೆ ಹುಳ ಬಿದ್ದಿದೆ".

ಶನಿವಾರ ಸಂಜೆ ಒಂದು ಔಷಧಿ ಅಂಗಡಿಗೆ ಹೋಗಿ "ಹುಳಕ್ಕೆ ಔಷಧಿ ಕೊಡಿ" ಅಂದೆ. ಯಾವ ಗಿಡ, ಎಂಥಾ ಹುಳ, ಎಲ್ಲಿ ಹೊಡೀತೀಯ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸೈಪರ್‌ಮೆಥ್ರಿನ್ ಬಾಟಲಿ ಕೈಗೆ ಬಂತು. "ಯಾವ ಹುಳ ಇದ್ರೂ ಹೋಗುತ್ತೆ" ಅಂದರು. ಆ ಮಾತು ಎಷ್ಟು ನಿಜ ಅಂತ ಮಾರನೇ ದಿನ ಗೊತ್ತಾಯ್ತು.

ರಾತ್ರಿ ಬಾಗಿಲು ಕಿಟಕಿ ಹಾಕಿಕೊಂಡು ಹೊಡೆದೆ. ಗಿಡಕ್ಕೆ ನೀರು ಚಿಮುಕಿಸೋಕೆ ಅಂತ ನಾನೇ ತಂದಿದ್ದ ಎರಡು ಲೀಟರಿನ ಕೈಪಂಪು ಅದು. ಅರ್ಧ ಲೀಟರ್ ಉಳೀತು. ಬೆಳಿಗ್ಗೆ ಚೆಲ್ಲಿದರಾಯ್ತು ಅಂತ ಜಗಲಿ ಮೇಲೆ ಇಟ್ಟು ಮಲಗಿದೆ.

ಈ ಪಂಪಿಗೆ ಮನೆಯಲ್ಲಿ ಇನ್ನೊಂದು ಕೆಲಸ ಇತ್ತು. ಬೇಸಿಗೆಯಲ್ಲಿ ಕೊಯ್ದ ಸೊಪ್ಪು ಬಾಡಬಾರದು ಅಂತ ಅದರ ಮೇಲೆ ಒದ್ದೆ ಗೋಣಿ ತಾಟು ಹೊದಿಸ್ತಾರೆ. ಮೊದಲೆಲ್ಲ ಅಮ್ಮ ಚೊಂಬಿನಲ್ಲಿ ನೀರು ಎರಚ್ತಿದ್ರು. ನನ್ನ ಪಂಪು ಬಂದ ಮೇಲೆ "ಇದೇ ಚೆನ್ನಾಗದೆ ಕಣ್ಲಾ, ಹದವಾಗಿ ಬೀಳುತ್ತೆ" ಅಂತ ಅದರಲ್ಲೇ ಹೊಡೀತಿದ್ರು. ಭಾನುವಾರ ಬೆಳಿಗ್ಗೆ ನಾನು ಏಳೋದರೊಳಗೆ ಅಮ್ಮ ಪಂಪು ತಗೊಂಡು, ಒಳಗಿದ್ದದ್ದರ ಮೇಲೆ ಇನ್ನಷ್ಟು ನೀರು ತುಂಬಿಸಿ, ಗೋಣಿ ಎಲ್ಲ ನೆನೆಸಿದ್ದರು.

ಆವಾಗ ಮನೆಯಲ್ಲಿ 150 ಮೊಟ್ಟೆ ಹುಳ ಇತ್ತು. ರೇಷ್ಮೆ ಗೊತ್ತಿಲ್ಲದವರಿಗೆ: ಇಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ, ಸುಮಾರು 400. ಅಂದರೆ 60 ಸಾವಿರದ ಹತ್ತಿರ ಹುಳ. ನಾಲ್ಕನೇ ಜ್ವರ ಎದ್ದು ನಾಲ್ಕು ದಿನ ಆಗಿತ್ತು. ಇಡೀ ಬೆಳೆಗೆ ತಿನ್ನೋ ಸೊಪ್ಪಿನಲ್ಲಿ ಮುಕ್ಕಾಲಿಗೂ ಹೆಚ್ಚು ಈ ಕೊನೇ ಹಂತದಲ್ಲೇ ತಿನ್ನೋದು. ಹುಳದ ಮನೆ ಬಾಗಿಲಲ್ಲಿ ನಿಂತ್ರೆ ಹೊರಗೆ ಮಳೆ ಹಿಡಿದ ಹಾಗೆ ಸದ್ದು ಬರುತ್ತೆ. ಇನ್ನು ಮೂರ್ನಾಲ್ಕು ದಿನಕ್ಕೆ ಹಣ್ಣಾಗಿ ಚಂದ್ರಿಕೆಗೆ ಹತ್ತಬೇಕಿತ್ತು.

ಸಂಜೆ ಹೊತ್ತಿಗೆ ಆ ಸದ್ದು ನಿಂತಿತ್ತು.

ಹುಳ ತಲೆ ಎತ್ತಿ ಆ ಕಡೆ ಈ ಕಡೆ ಆಡಿಸ್ತಿದ್ವು, ಬಾಯಲ್ಲಿ ಹಸಿರು ನೀರು, ಮೈ ಮುರುಟಿ ಗಿಡ್ಡ ಆಗಿತ್ತು. ಹಾಲುತೊಂಡೆ ರೋಗ ಅಲ್ಲ, ಸಪ್ಪೆ ಅಲ್ಲ, ಸುಣ್ಣಕಟ್ಟೂ ಅಲ್ಲ. ಅಪ್ಪನಿಗೆ ನೋಡಿದ ತಕ್ಷಣ ಗೊತ್ತಾಯ್ತು, ಇದು ವಿಷ. ಪಕ್ಕದ ತೋಟದಲ್ಲಿ ಟೊಮ್ಯಾಟೊ ಇದೆ, ಅಲ್ಲಿ ಔಷಧಿ ಹೊಡೆದದ್ದು ಗಾಳಿಗೆ ನಮ್ಮ ಸೊಪ್ಪಿನ ಮೇಲೆ ಬಿದ್ದಿದೆ ಅಂತ ಲೆಕ್ಕ ಹಾಕಿ, ಟವೆಲ್ ಹೆಗಲಿಗೆ ಹಾಕ್ಕೊಂಡು ಅವರ ಮನೆ ಕಡೆ ಹೊರಟೇಬಿಟ್ರು. ನಾನು ಅವರನ್ನ ದೊಡ್ಡಪ್ಪ ಅಂತಲೇ ಕರೆದು ಬೆಳೆದವನು. ಅಪ್ಪ ಗೇಟು ದಾಟೋವಾಗ ನನ್ನ ಕಣ್ಣಿಗೆ ಜಗಲಿ ಮೇಲಿದ್ದ ಪಂಪು ಬಿತ್ತು. ಖಾಲಿ.

ಓಡಿ ಹೋದೆ. ದೊಡ್ಡಪ್ಪನ ಮನೆ ಮುಂದೆ ಮಾತು ಅದಾಗಲೇ ಏರಿತ್ತು. ನಡುವೆ ನಿಂತು "ನಾನು ಹೊಡೆದಿದ್ದು" ಅಂತ ಹೇಳೋಕೆ ನಾಲಿಗೆ ಏಳಲಿಲ್ಲ. ಆದ್ರೂ ಹೇಳಿದೆ. ಅಪ್ಪ ಏನೂ ಅನ್ನದೆ ವಾಪಸ್ ನಡೆದರು. ದೊಡ್ಡಪ್ಪನೇ "ಹೋಗಪ್ಪ, ಮಿಕ್ಕಿದ್ದನ್ನ ಉಳಿಸ್ಕೊಳ್ಳಿ, ಸೊಪ್ಪು ಬೇಕಾದ್ರೆ ನಮ್ ತೋಟದ ಆ ಕಡೆ ಸಾಲಿಂದ ಕೊಯ್ಕೊಳ್ಳಿ" ಅಂದರು.

ಮೂರು ಅಂತಸ್ತಿನಲ್ಲಿ ಎರಡು ಅಂತಸ್ತು ಹೋಯ್ತು. ಉಳಿದದ್ದು ಕಟ್ಟಿದ ಗೂಡೂ ತೆಳ್ಳಗಿತ್ತು. ಎಲ್ಲ ಸರಿ ಹೋಗಿದ್ರೆ 100 ಕೆ.ಜಿ. ಗೂಡು ಆಗ್ತಿತ್ತು. ಕೆ.ಜಿ.ಗೆ 500 ರೂಪಾಯಿ ಹಿಡಿದರೂ 50,000. ದುಡ್ಡನ್ನ ನಾನು ಸಂಬಳದಲ್ಲಿ ತುಂಬಿಕೊಟ್ಟೆ, ಅದು ದೊಡ್ಡ ಮಾತಲ್ಲ. 22 ದಿನ ರಾತ್ರಿ ಎದ್ದು ಎದ್ದು ಸೊಪ್ಪು ಹಾಕಿದ್ದ ಅಮ್ಮ ಆವತ್ತು ಸತ್ತ ಹುಳ ಬಾಚಿ ಬಾಚಿ ಮಂಕರಿಗೆ ತುಂಬಿಸ್ತಿದ್ದದ್ದನ್ನ ಯಾವ ಸಂಬಳದಲ್ಲಿ ತುಂಬಿಕೊಡ್ಲಿ? ಬೈಯ್ಯಲಿಲ್ಲ. ಎಲ್ಲ ಗುಂಡಿಗೆ ಹಾಕಿ ಬಂದಮೇಲೆ ಒಂದೇ ಮಾತು ಕೇಳಿದರು: "ಆ ಗಿಡ್ದಾಗೆ ಇದ್ದುದ್ದು ಏನ್ ಹುಳ ಅಂತ ನೋಡಿದ್ಯಾ?"

ನೋಡಿರಲಿಲ್ಲ. ಆಫೀಸಿನಲ್ಲಿ ಲಾಗ್ ನೋಡದೆ ಸರ್ವರ್ ರೀಸ್ಟಾರ್ಟ್ ಮಾಡಿದ ಹುಡುಗನಿಗೆ ಕ್ಲಾಸ್ ತಗೊಳ್ಳೋನು ನಾನು. ಮನೆಯಲ್ಲಿ ಎಲೆ ತಿರುಗಿಸಿ ನೋಡಿರಲಿಲ್ಲ.

ಹತ್ತು ದಿನ ಬಿಟ್ಟು ಪಾಮ್ ನೋಡಿದೆ. ಬಲೆ ಮೊದಲಿಗಿಂತ ಜಾಸ್ತಿ ಆಗಿತ್ತು.

ಅಂದ್ರೆ ನಾನು ಹೊಡೆದ ವಿಷ ಯಾರನ್ನ ಕೊಲ್ಲಬಾರದಿತ್ತೋ ಅವರನ್ನ ಕೊಂದಿತ್ತು, ಯಾರಿಗಾಗಿ ತಂದಿದ್ದೆನೋ ಅವರು ಆರಾಮಾಗಿದ್ರು. ಯಾಕೆ ಅಂತ ಓದೋಕೆ ಕೂತೆ. ಅದನ್ನ ಒಂದೊಂದಾಗಿ ಹೇಳ್ತೀನಿ.

ಮೊದಲನೆಯದು, ನುಸಿ ಕೀಟವೇ ಅಲ್ಲ. ಕೀಟಕ್ಕೆ ಆರು ಕಾಲು, ಇದಕ್ಕೆ ಎಂಟು. ಜೇಡ, ಉಣ್ಣಿ, ಚೇಳಿನ ಬಳಗ. ದೊಡ್ಡದಾದ ಹೆಣ್ಣು ನುಸಿ ಅರ್ಧ ಮಿಲಿಮೀಟರ್ ಇದ್ದರೆ ಹೆಚ್ಚು. ಎಲೆಯ ಕೆಳಗೆ ಕೂತು ಜೀವಕೋಶಕ್ಕೆ ಚುಚ್ಚಿ ಒಳಗಿನ ಹಸಿರು ಹೀರುತ್ತೆ. ನಾವು ಮೇಲಿಂದ ನೋಡೋ ಬಿಳಿ ಚುಕ್ಕೆ ಅದೇ. ಸೈಪರ್‌ಮೆಥ್ರಿನ್ ಜಾತಿಯ ಔಷಧಿಗಳು ನುಸಿಗೆ ಸರಿಯಾಗಿ ನಾಟೋದಿಲ್ಲ. ಅದನ್ನ ತಿನ್ನೋ ಗುಲಗಂಜಿ ಹುಳ, ಪರಭಕ್ಷಕ ನುಸಿ ಇವೆಲ್ಲ ಸಾಯ್ತವೆ, ಇದು ಉಳಿಯುತ್ತೆ, ಮೇಲಿಂದ ಕಿರಿಕಿರಿಯಾಗಿ ಬೇರೆ ಎಲೆಗೆ ಹರಡುತ್ತೆ. ತೋಟದಲ್ಲಿ ಇಂಥ ಔಷಧಿ ಹೊಡೆದ ಮೇಲೆ ನುಸಿ ಹೆಚ್ಚಾಗೋದು ಕೃಷಿ ವಿಜ್ಞಾನಿಗಳಿಗೆ ಹಳೇ ಸಂಗತಿ. ನನ್ನ ಬಾಟಲಿಯ ಲೇಬಲ್ ಆಮೇಲೆ ಓದಿದೆ: ಹತ್ತಿ, ಬದನೆ, ಬೆಂಡೆಯ ಕಾಯಿಕೊರಕಕ್ಕೆ ಅಂತಿತ್ತು. ನುಸಿ ಅನ್ನೋ ಪದವೇ ಇರಲಿಲ್ಲ. ಮನೆಯೊಳಗೆ ಅನ್ನೋದಂತೂ ಇಲ್ಲವೇ ಇಲ್ಲ. ಹಳದಿ ತ್ರಿಕೋನ ಇತ್ತು. ಆ ತ್ರಿಕೋನಕ್ಕೆ ನಮ್ಮ ದೇಶದಲ್ಲಿ ನಾಲ್ಕು ಬಣ್ಣ. ಕೆಂಪು ಎಲ್ಲಕ್ಕಿಂತ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ರೈತನ ಮಗನಾಗಿ 28 ವರ್ಷ ಆ ತ್ರಿಕೋನ ನೋಡಿದ್ದೆ, ಅರ್ಥ ಕೇಳಿರಲಿಲ್ಲ.

ಎರಡನೆಯದು, ಇದರ ಲೆಕ್ಕ. 30 ಡಿಗ್ರಿ ಬಿಸಿಲಲ್ಲಿ ಮೊಟ್ಟೆಯಿಂದ ದೊಡ್ಡದಾಗೋಕೆ ಇದಕ್ಕೆ ಒಂದು ವಾರದ ಮೇಲೆ ಒಂದೆರಡು ದಿನ ಸಾಕು. ಒಂದು ಹೆಣ್ಣು ನೂರರ ಆಸುಪಾಸು ಮೊಟ್ಟೆ ಇಡುತ್ತೆ. ಗಂಡು ಸಿಗದಿದ್ರೂ ಮೊಟ್ಟೆ ಇಡುತ್ತೆ, ಅವೆಲ್ಲ ಗಂಡಾಗ್ತವೆ, ಆಮೇಲೆ ಸಂಸಾರ ನಡೆಯುತ್ತೆ. ಅಂದ್ರೆ ನರ್ಸರಿಯಿಂದ ಒಂದೇ ಒಂದು ಬಂದರೂ ಸಾಕು. ವಿಷಕ್ಕೆ ಒಗ್ಗಿಕೊಳ್ಳೋದರಲ್ಲೂ ಇದನ್ನ ಮೀರಿಸೋರಿಲ್ಲ. 90ಕ್ಕೂ ಹೆಚ್ಚು ರಾಸಾಯನಿಕಗಳಿಗೆ ಒಗ್ಗಿಕೊಂಡದ್ದು ದಾಖಲಾಗಿದೆ. 2011ರಲ್ಲಿ ಇದರ ಜೀನೋಮ್ ಪೂರ್ತಿ ಓದಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಸಾವಿರಕ್ಕೂ ಹೆಚ್ಚು ಜಾತಿಯ ಗಿಡಗಳನ್ನ ತಿಂದು ಅವುಗಳ ವಿಷವನ್ನೆಲ್ಲ ಅರಗಿಸಿಕೊಳ್ಳೋ ಜೀವಿಗೆ ನಮ್ಮ ಬಾಟಲಿ ಇನ್ನೊಂದು ತಿಂಡಿ ಅಷ್ಟೆ. ದೊಡ್ಡಬಳ್ಳಾಪುರದ ಕಡೆ ಪಾಲಿಹೌಸ್‌ನಲ್ಲಿ ಗುಲಾಬಿ ಬೆಳೆಯೋರನ್ನ ಕೇಳಿ ನೋಡಿ, ನುಸಿಯ ಹೆಸರೆತ್ತಿದರೆ ಮುಖ ಸಣ್ಣಗೆ ಮಾಡ್ಕೋತಾರೆ. ನುಸಿಗೇ ಅಂತ ಮಾಡಿದ ಔಷಧಿಗಳನ್ನೂ ಅವರು ಒಂದಾದ ಮೇಲೆ ಒಂದು ಬದಲಿಸಿ ಬದಲಿಸಿ ಹೊಡೀಬೇಕು. ಅಂಥ ಹಳೇ ಔಷಧಿ ಒಂದಿತ್ತು, ಡೈಕೋಫಾಲ್ ಅಂತ, ಡಿಡಿಟಿಯಿಂದಲೇ ತಯಾರಾಗ್ತಿದ್ದದ್ದು. ಅದನ್ನ 2023ರಲ್ಲಿ ನಮ್ಮಲ್ಲಿ ನಿಷೇಧಿಸಿದರು.

ಮೂರನೆಯದು, ನನಗೆ ತುಂಬಾ ಹೊಡೆದದ್ದು. ಹೊರಗೆ ಗಿಡಕ್ಕೆ ಮಳೆ ಇರುತ್ತೆ. ಒಂದು ಜೋರು ಮಳೆ ಬಂದ್ರೆ ನುಸಿ ತೊಳೆದು ಹೋಗುತ್ತೆ. ಇದಕ್ಕೆ ಬೇಕಾಗಿರೋದು ಬಿಸಿ, ಒಣ ಗಾಳಿ, ಧೂಳು. ರಸ್ತೆ ಕೆಲಸ ನಿಲ್ಲದ ನಮ್ಮ ತಾಲ್ಲೂಕಲ್ಲಿ ಧೂಳಿಗೆ ಬರ ಇಲ್ಲ. ಎ.ಸಿ. ಹಾಕಿ ಮುಚ್ಚಿದ ಕೋಣೆಗೆ ಗಿಡ ತಂದು, ಮಳೆಯನ್ನೂ ಗುಲಗಂಜಿ ಹುಳವನ್ನೂ ಹೊರಗೆ ಬಿಟ್ಟವನು ನಾನೇ. ನುಸಿಗೆ ಅಂತಲೇ ಮನೆ ಕಟ್ಟಿಸಿಕೊಟ್ಟ ಹಾಗೆ.

ಹಾಗಾದ್ರೆ ಏನು ಮಾಡೋದು? ಉತ್ತರ ನಮ್ಮ ತೋಟದಲ್ಲೇ ಇತ್ತು. ಬೇಸಿಗೆಯಲ್ಲಿ ಹಿಪ್ಪುನೇರಳೆಗೂ ನುಸಿ ಬರುತ್ತೆ. ಹುಳಕ್ಕೆ ಹಾಕೋ ಸೊಪ್ಪು, ಮನಸ್ಸಿಗೆ ಬಂದ ಔಷಧಿ ಹೊಡೆಯೋ ಹಾಗಿಲ್ಲ. ಅಪ್ಪ ಬೋರ್‌ವೆಲ್ ಪೈಪಿನ ಬಾಯಿ ಅರ್ಧ ಮುಚ್ಚಿ ಎಲೆಯ ಕೆಳಗಿಂದ ಜೋರಾಗಿ ನೀರು ಹಾಯಿಸ್ತಾರೆ. ಚಿಕ್ಕವನಿದ್ದಾಗ ಅದರಲ್ಲಿ ನೆನೆಯೋದು ನನಗೆ ಆಟ. ಅದೊಂದು ಚಿಕಿತ್ಸೆ ಅಂತ ಆಗ ಗೊತ್ತಿರಲಿಲ್ಲ.

ನಾನು ಮಾಡಿದ್ದು ಇಷ್ಟು. ಬಿಳಿ ಹಾಳೆ ಹಿಡಿದು ಎಲೆಯನ್ನ ಅದರ ಮೇಲೆ ತಟ್ಟಿದೆ. ಬಿದ್ದ ಧೂಳಿನಲ್ಲಿ ಕೆಲವು ಕಣ ನಿಧಾನಕ್ಕೆ ನಡೆಯೋಕೆ ಶುರು ಮಾಡಿದ್ವು. ಅಲ್ಲಿಗೆ ಖಾತ್ರಿ. ನುಸಿ ಇದ್ದ ಗಿಡಗಳನ್ನ ಬೇರೆ ಇಟ್ಟೆ. ಕುಂಡದ ಮಣ್ಣಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಬಚ್ಚಲಲ್ಲಿ ಗಿಡ ಓರೆ ಮಾಡಿ, ಪೈಪಿನಲ್ಲಿ ಎಲೆಯ ಕೆಳಭಾಗಕ್ಕೆ ನೀರು ಹೊಡೆದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆ ಒರೆಸಿದೆ. ತೀರ ಹಾಳಾದ ಎಲೆ ಕತ್ತರಿಸಿದೆ. ಲೀಟರ್ ನೀರಿಗೆ ಒಂದು ಟೀ ಚಮಚದಷ್ಟು ಸೌಮ್ಯವಾದ ದ್ರವ ಸೋಪು ಕಲಸಿ, ಮೊದಲು ಒಂದು ಎಲೆಗೆ ಹಚ್ಚಿ ಎರಡು ದಿನ ಕಾದು, ಸುಡಲಿಲ್ಲ ಅಂತ ನೋಡಿಕೊಂಡು, ಸಂಜೆ ಹೊತ್ತು ಎಲ್ಲ ಎಲೆಗೂ ಹಚ್ಚಿದೆ. ಸೋಪಿನ ನೀರು ನುಸಿಯ ಮೈಗೆ ತಾಗಿದರೆ ಮಾತ್ರ ಸಾಯುತ್ತೆ, ಒಣಗಿದ ಮೇಲೆ ಅದಕ್ಕೆ ಶಕ್ತಿ ಇಲ್ಲ. ಆದ್ದರಿಂದ ಎಲೆಯ ಮೇಲೆ ಸುಮ್ಮನೆ ಚಿಮುಕಿಸಿದರೆ ವ್ಯರ್ಥ, ಕೆಳಗೆ ಹಚ್ಚಲೇಬೇಕು.

ಎಲ್ಲರೂ ಸೋಲೋದು ಮುಂದಿನ ಹೆಜ್ಜೆಯಲ್ಲಿ. ಒಂದು ಸಲ ತೊಳೆದರೆ ದೊಡ್ಡ ನುಸಿ ಹೋಗುತ್ತೆ, ಮೊಟ್ಟೆ ಅಂಟಿಕೊಂಡೇ ಇರುತ್ತೆ. ಮೂರು ದಿನಕ್ಕೆ ಅವು ಒಡೀತವೆ. ಅವು ದೊಡ್ಡದಾಗಿ ಮತ್ತೆ ಮೊಟ್ಟೆ ಇಡೋದರೊಳಗೆ ಇನ್ನೊಂದು ಸಲ ತೊಳೀಬೇಕು. ಹಾಗಾಗಿ ಮೂರು-ನಾಲ್ಕು ದಿನಕ್ಕೊಂದು ಸಲ, ಮೂರು ವಾರ. ಕ್ಯಾಲೆಂಡರ್‌ನಲ್ಲಿ ರಿಮೈಂಡರ್ ಹಾಕ್ಕೊಂಡೆ. ಎರಡು ಸಲ ಮಾಡಿ "ಸೋಪು ಕೆಲಸ ಮಾಡಲಿಲ್ಲ" ಅನ್ನೋರು ಸೋಪನ್ನ ಬೈಯಬಾರದು, ಕ್ಯಾಲೆಂಡರ್ ನೋಡ್ಕೋಬೇಕು.

ಮೂರು ವಾರದ ನಂತರ ಬಿಳಿ ಹಾಳೆ ಬೆಳ್ಳಗೇ ಉಳೀತು. ಪಾಮ್ ಹೊಸ ಗರಿ ಬಿಟ್ಟಿದೆ. ಕ್ಯಾಲಥಿಯಾ ಪೂರ್ತಿ ಬೋಳಾಗಿ ಬುಡದಿಂದ ಮತ್ತೆ ಚಿಗುರಿದೆ. ಮನಿ ಪ್ಲಾಂಟ್‌ಗೆ ಏನೂ ಆಗಿರಲೇ ಇಲ್ಲ. ಐವಿ ಉಳಿಯಲಿಲ್ಲ, ಕವರಿನಲ್ಲಿ ಗಂಟು ಕಟ್ಟಿ ಬಿಸಾಕಿದೆ. ತಿಪ್ಪೆಗೆ ಹಾಕಲಿಲ್ಲ, ಯಾಕಂದ್ರೆ ತಿಪ್ಪೆಯ ಪಕ್ಕದಲ್ಲೇ ಹಿಪ್ಪುನೇರಳೆ. ಗಿಡ ಬಿಸಾಕೋದು ಸೋಲು ಅಂತ ಅಂದುಕೋಬೇಡಿ. 150 ರೂಪಾಯಿ ಗಿಡಕ್ಕಾಗಿ ಮಲಗೋ ಕೋಣೆಗೆ ವಿಷ ಹೊಡೆಯೋದಕ್ಕಿಂತ ಅದು ಲೇಸು. ಈಗ ಹೊಸ ಗಿಡ ಬಂದರೆ ಮೂರು ವಾರ ಒಂಟಿಯಾಗಿ ಜಗಲಿಯ ಮೂಲೆಯಲ್ಲಿ ಇರಬೇಕು, ಆಮೇಲೆ ಗೃಹಪ್ರವೇಶ :)

"ಬೇವಿನೆಣ್ಣೆ ಹೊಡೆದಿದ್ರೆ ಆಗ್ತಿತ್ತಲ್ಲ, ಅದು ಸಾವಯವ" ಅಂತ ಒಬ್ಬ ಗೆಳೆಯ ಅಂದ. ನುಸಿಗೆ ಬೇವು ಒಳ್ಳೇದೇ, ನಿಜ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೇವಿನ ಸೋಪು, ಹೊಂಗೆ ಸೋಪು ಅಂತ ಮಾಡಿದ್ದಾರೆ, ತರಕಾರಿ ಬೆಳೆಯೋರು ಬಳಸ್ತಾರೆ. ನಿಮ್ಮ ಮನೆಯಲ್ಲಿ ಹುಳ ಇಲ್ಲದಿದ್ರೆ ಧಾರಾಳವಾಗಿ ಬಳಸಿ. ಆದರೆ ಬೇವಿನ ಅಂಶ ರೇಷ್ಮೆ ಹುಳಕ್ಕೂ ವಿಷವೇ. ಹುಳದ ಮನೆಗೆ ಅಗರಬತ್ತಿ ಹಚ್ಚಲ್ಲ, ಸೊಳ್ಳೆ ಬತ್ತಿ ಹಚ್ಚಲ್ಲ, ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಸೊಪ್ಪು ಮುಟ್ಟಲ್ಲ. ಸಾವಯವವೋ ಅಲ್ಲವೋ ಅನ್ನೋದು ಆಮೇಲಿನ ಪ್ರಶ್ನೆ. ಯಾರ ಪಕ್ಕದಲ್ಲಿ ಹೊಡೀತಿದ್ದೀಯ ಅನ್ನೋದು ಮೊದಲ ಪ್ರಶ್ನೆ. ಈ ನಿಯಮ ಎಲ್ಲ ನನಗೆ ಬಾಲ್ಯದಿಂದ ಗೊತ್ತಿತ್ತು. ನನ್ನ ಕೋಣೆ ಆ ಮನೆಗೆ ಸೇರಿದ್ದಲ್ಲ ಅಂತ ಯಾವಾಗ ಅಂದುಕೊಂಡೆನೋ ಗೊತ್ತಿಲ್ಲ. ಎ.ಸಿ. ಹಾಕಿಸಿದ ದಿನವೇ ಇರಬೇಕು.

ಈಗ ನನ್ನ ಅಭಿಪ್ರಾಯಕ್ಕೆ ಬರ್ತೀನಿ. ನಾವು ಎಡವೋದು ಎರಡು ಪದಗಳಲ್ಲಿ ಅಂತ ನನಗನ್ನಿಸುತ್ತೆ. ಒಂದು "ಹುಳ". ನಮ್ಮ ಮನೆಗೆ ಅನ್ನ ಹಾಕೋದೂ ಹುಳ, ಬದನೆಕಾಯಿ ಕೊರೆಯೋದೂ ಹುಳ, ಎಂಟು ಕಾಲಿನ ನುಸಿಯೂ ಹುಳ. ನಾನು ಅಂಗಡಿಯಲ್ಲಿ "ಹುಳಕ್ಕೆ ಔಷಧಿ" ಅಂದೆ, ಅದು ನಿಜವಾಗಿಯೂ ಹುಳಕ್ಕೇ ತಾಗಿತು. ಇನ್ನೊಂದು "ಔಷಧಿ". ವಿಷವನ್ನ ಔಷಧಿ ಅಂತ ಕರೆಯೋಕೆ ಯಾವಾಗ ಶುರು ಮಾಡಿದ್ವೋ, ಆವಾಗಿಂದ ಅದನ್ನ ಜಗಲಿ ಮೇಲೆ ಇಟ್ಟು ಮಲಗೋ ಧೈರ್ಯ ಬಂತು. ಪಂಪಿನಲ್ಲಿ ವಿಷ ಇದೆ ಅಂದುಕೊಂಡಿದ್ರೆ ನಾನು ಹಾಗೆ ಇಡ್ತಿದ್ನಾ?

ಕನ್ನಡದಲ್ಲಿ ಪದ ಇಲ್ಲ ಅಂತಲ್ಲ. ನುಸಿ ಅನ್ನೋ ಪದ ನಮ್ಮ ತೆಂಗಿನ ತೋಟದವರಿಗೆಲ್ಲ ಗೊತ್ತು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ಇಲ್ಲಿಗೂ ಬಂದು ಕಾಯಿ ಸುಟ್ಟಾಗ ನಾನು ತೊಟ್ಟಿಲಲ್ಲಿದ್ದೆ. ಅದು ಬೇರೆ ಜಾತಿಯ ನುಸಿ, ಆದರೆ ಹೆಸರಂತೂ ಊರೂರಿಗೂ ತಲುಪಿತ್ತು. ಇನ್ನೂ ಒಂದು ವಿಷಯ ಓದಿ ನನಗೆ ನಾಚಿಕೆಯಾಯ್ತು. ನುಸಿಗಳ ಬಗ್ಗೆ ಇಡೀ ದೇಶದ ಸಂಶೋಧನೆಯನ್ನ ಹೊಂದಿಸೋ ಯೋಜನೆಯ ಕೇಂದ್ರ ಇರೋದು ನಮ್ಮ ಜಿ.ಕೆ.ವಿ.ಕೆ.ಯಲ್ಲಿ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ. ಅಲ್ಲಿದ್ದ ಜಿ.ಪಿ. ಚನ್ನಬಸವಣ್ಣನವರು ಜಗತ್ತಿಗೆ ಗೊತ್ತಿದ್ದ ನುಸಿ ತಜ್ಞರು. 1986ರಲ್ಲಿ ನುಸಿ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು ಬೆಂಗಳೂರಿನಲ್ಲಿ. ಆಫೀಸಿಗೆ ಹೋಗೋವಾಗೆಲ್ಲ ನಾನು ಆ ಗೇಟಿನ ಮುಂದೆಯೇ ಬಳ್ಳಾರಿ ರಸ್ತೆಯಲ್ಲಿ ಹೋಗ್ತೀನಿ. ಎಲೆ ಒಂದನ್ನ ಕವರಿನಲ್ಲಿ ಹಾಕ್ಕೊಂಡು ಒಳಗೆ ಹೋಗಿ "ಸಾರ್, ಇದೇನು?" ಅಂತ ಕೇಳೋಕೆ ನನಗೆ ಹೊಳೀಲಿಲ್ಲ. ಅಂಗಡಿಗೆ ಹೋಗೋಕೆ ಹೊಳೀತು.

ಅಂಗಡಿಯವರದ್ದೂ ತಪ್ಪಿದೆ. ಕೌಂಟರ್‌ನಲ್ಲಿ ಮೂರು ಪ್ರಶ್ನೆ ಕೇಳೋದು ಕಷ್ಟವಲ್ಲ: ಯಾವ ಗಿಡ, ಏನು ಕಾಣ್ತಿದೆ, ಅಕ್ಕಪಕ್ಕ ಹುಳ ಮೇಯಿಸ್ತಾರಾ? ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ ಕಡೆಯಂತೂ ಮೂರನೇ ಪ್ರಶ್ನೆ ಕೇಳದೆ ಬಾಟಲಿ ಕೊಡಲೇಬಾರದು ಅಂತೀನಿ. ಆದರೆ ಅವರು ಕೇಳೋವರೆಗೆ ಕಾಯೋದು ಬೇಡ, ಕೊಳ್ಳೋಕೆ ಹೋದ ನಾವೇ ಹೇಳಬೇಕು. ಹೇಳಬೇಕು ಅಂದ್ರೆ ಮೊದಲು ನಮಗೆ ಗೊತ್ತಿರಬೇಕು. ಗೊತ್ತಾಗಬೇಕು ಅಂದ್ರೆ ಎಲೆ ತಿರುಗಿಸಿ ನೋಡಬೇಕು, ಅಷ್ಟೇ.

"ನೀರಲ್ಲಿ ತೊಳೆಯೋದೆಲ್ಲ ಅಜ್ಜಿ ಕಾಲದ್ದು, ಕೆಲಸ ಬಿಟ್ಟು ಯಾರು ಒರೆಸ್ತಾ ಕೂರ್ತಾರೆ" ಅನ್ನೋರಿಗೆ ಒಂದು ಲೆಕ್ಕ. ನಾಲ್ಕು ಗಿಡ ತೊಳೆಯೋಕೆ 40 ನಿಮಿಷ, ಮೂರು ವಾರಕ್ಕೆ ಆರು ಸಲ, ಒಟ್ಟು ನಾಲ್ಕು ಗಂಟೆ. ನನ್ನ ಶಾರ್ಟ್‌ಕಟ್‌ಗೆ ಎರಡೇ ನಿಮಿಷ ಹಿಡಿದಿತ್ತು.

ಪಂಪು ಈಗ ಎರಡಿವೆ. ಹಳೇದನ್ನ ಒಡೆದು ಹಾಕಿದೆ. ಅಮ್ಮನ ಹೊಸ ಪಂಪಿನ ಮೇಲೆ ಅಪ್ಪ ಪೇಂಟಿನಲ್ಲಿ "ನೀರು" ಅಂತ ಬರೆದಿದ್ದಾರೆ. ನನ್ನದರ ಮೇಲೆ ಏನೂ ಬರೆದಿಲ್ಲ, ಅದರಲ್ಲೂ ಬರೀ ನೀರೇ. ಆದ್ರೂ ಅಮ್ಮ ಅದನ್ನ ಮುಟ್ಟಲ್ಲ. ಹುಳದ ಮನೆಯಲ್ಲಿ ಈಗ 200 ಮೊಟ್ಟೆ ಇದೆ, ಎರಡನೇ ಜ್ವರದಲ್ಲಿದೆ. ದೊಡ್ಡಪ್ಪ ಟೊಮ್ಯಾಟೊಗೆ ಔಷಧಿ (ಅಲ್ಲ, ವಿಷ!) ಹೊಡೆಯೋ ಮುಂಚಿನ ದಿನ ಬೇಲಿ ಹತ್ತಿರ ನಿಂತು ಕೂಗಿ ಹೇಳ್ತಾರೆ. ಮೊದಲೂ ಹೇಳ್ತಿದ್ರಂತೆ. ನಾನು ಹೆಡ್‌ಫೋನ್ ಹಾಕ್ಕೊಂಡಿರ್ತಿದ್ದೆ.

ನಿಮ್ಮ ಮನೆ ಗಿಡಕ್ಕೆ ನುಸಿ ಬಂದಾಗ ನೀವೇನು ಮಾಡಿದ್ರಿ? ನಿಮ್ಮೂರ ಕಡೆ ಇದಕ್ಕೆ ಬೇರೆ ಹೆಸರಿದ್ರೆ ಅದನ್ನೂ ಬರೆದು ತಿಳಿಸಿ. ಮಲೆನಾಡಿನವರು, ಕರಾವಳಿಯವರು "ನಮ್ಮಲ್ಲಿ ಮಳೆ ಇದೆ, ನುಸಿ ಇಲ್ಲ" ಅಂತ ಹೊಟ್ಟೆ ಉರಿಸ್ಬೇಡಿ ಮತ್ತೆ :)